ಹಿನ್ನೋಟದ ಕನ್ನಡಿ: ಬಿಚ್ಚುವ ಬಗೆ, ಜೋಡಿಸುವ ಬಗೆ



‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಕಣ್ಣೆದುರಿಗೆ ಇರುವುದನ್ನು ನೋಡಲು ಬೇರೆ ಸಾಧನ ಬೇಡ ಎಂಬುದು ಅದರ ತಾತ್ಪರ್ಯ. ಹಾಗಾದರೆ ಬೆನ್ನ ಮೇಲಿನ ಹುಣ್ಣಿಗೆ? ಅದಕ್ಕೆ ಕನ್ನಡಿ ಬೇಕೇ ಬೇಕು. ದೇವರು ನಮಗೆ ಕಣ್ಣುಗಳನ್ನು ಮುಂದುಗಡೆಗೆ ಮಾತ್ರ ಇಟ್ಟಿದ್ದಾನೆ. ನಡೆದು ಹೋಗುವವನು ಹಿಂದಿನ ಸಪ್ಪಳ ಕೇಳಿ, ನಿಂತು, ಹೊರಳಿ ನೋಡಬಹುದು. ಮೋಟಾರು ಓಡಿಸುವವನಿಗೆ ಆ ಸವಡಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದಕ್ಕೆ ಹೋಗುತ್ತದೆ. ಚಾಲಕನು ಒಂದೇ ಸೆಕೆಂಡು ಪೂರಾ ಹಿಂದಕ್ಕೆ ಹೊರಳಿದರೆ ಅಷ್ಟು ದೂರ ಗಾಡಿ ಕುರುಡಾಗಿ ಓಡಿದಂತೆಯೇ ಸರಿ. ಅದಕ್ಕಾಗಿಯೇ ಹಿನ್ನೋಟದ ಕನ್ನಡಿ ಹುಟ್ಟಿತು.

ಕನ್ನಡದ ಮಾಸ್ತರರಿಗೆ ಮೋಟಾರಿನ ಉಸಾಬರಿ ಏಕೆ ಎಂದು ಕೆಲವರು ನಕ್ಕಾರು. ಕಾರಣ ಎರಡುಂಟು. ಸಾಂಗ್ಲಿ ಮೀರಜ ಭಾಗದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುತ್ತ ಬೆಳೆಯುವವರು. ಮನೆಯ ಕನ್ನಡಿ ಬಜಾರದಲ್ಲಿ ‘ಆರಸಾ’ ಆಗುತ್ತದೆ, ಗಾಜು ‘ಕಾಚ’ ಆಗುತ್ತದೆ. ವಿಜ್ಞಾನದ ತಾಸಿನಲ್ಲಿ ಕಲಿತ ‘ಪ್ರತಿಫಲನ’, ‘ಉಬ್ಬುಗನ್ನಡಿ’ ಎಂಬ ಮಾತುಗಳು ಪರೀಕ್ಷೆಯ ಕಾಗದದಲ್ಲಿ ಉಳಿದು ಹೋಗಬಾರದು, ಗ್ಯಾರೇಜಿನಲ್ಲಿಯೂ ಉಪಯೋಗಕ್ಕೆ ಬರಬೇಕು. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ಮುಖ್ಯ. ನಿಮ್ಮಲ್ಲಿ ಬಹಳ ಜನ ಸಾಂಗ್ಲಿ ಮೀರಜಗಳ ನಡುವಿನ ಸುಮಾರು 10 ಕಿಲೋಮೀಟರಿನ ರಸ್ತೆಯ ಮೇಲೆ, ಇಲ್ಲವೇ ಕಾಗವಾಡದ ಕಡೆಯ ರಸ್ತೆಯ ಮೇಲೆ ಸೈಕಲ್ಲಿನಿಂದಲೋ ಕಾಲ್ನಡಿಗೆಯಿಂದಲೋ ಓಡಾಡುವವರು. ನಿಮ್ಮ ಪಾಲಕರಲ್ಲಿ ಟೆಂಪೋ, ರಿಕ್ಷಾ, ಟ್ರ್ಯಾಕ್ಟರು ಓಡಿಸುವವರು ಇದ್ದಾರೆ. ಒಬ್ಬರ ಕನ್ನಡಿ ಸರಿಯಾಗಿದ್ದರೆ ಇನ್ನೊಬ್ಬರ ಮಗು ಸುರಕ್ಷಿತವಾಗಿ ಮನೆ ಮುಟ್ಟುತ್ತದೆ.

ಕನ್ನಡಿ ಮೋಟಾರಿಗೆ ಬಂದ ಕಥೆ

ಕನ್ನಡಿ ಬಹು ಹಳೆಯ ವಸ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯ ಕೈಯಲ್ಲಿ ಕನ್ನಡಿ ಇದೆ. ಆ ಕಾಲದಲ್ಲಿ ಲೋಹವನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟು ಕನ್ನಡಿ ಮಾಡುತ್ತಿದ್ದರು. ಕೇರಳದ ಆರನ್ಮುಳದಲ್ಲಿ ತಾಮ್ರ ತವರಗಳ ಮಿಶ್ರಲೋಹದಿಂದ ಇಂದಿಗೂ ಹಾಗೆ ಮಾಡುವವರಿದ್ದಾರೆ. ಗಾಜಿನ ಬೆನ್ನಿಗೆ ಬೆಳ್ಳಿಯ ತೆಳುವಾದ ಲೇಪ ಕೂಡಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ವಿಜ್ಞಾನಿ ಲೀಬಿಗ್ 1835ರಲ್ಲಿ ತೋರಿಸಿಕೊಟ್ಟನು. ಅಂದಿನಿಂದ ಗಾಜಿನ ಕನ್ನಡಿ ಬಡವರ ಮನೆಗೂ ಬಂದಿತು.

ಮೋಟಾರು ಬಂದ ಹೊಸದರಲ್ಲಿ ಅದಕ್ಕೆ ಕನ್ನಡಿ ಇರಲಿಲ್ಲ. 1909ರಲ್ಲಿ ಬ್ರಿಟನ್ನಿನ ಡೊರೊತಿ ಲೆವಿಟ್ ಎಂಬ ಮಹಿಳೆ ಮೋಟಾರು ಓಡಿಸುವ ಹೆಂಗಸರಿಗಾಗಿ ಒಂದು ಪುಸ್ತಕ ಬರೆದಳು. ಚಿಕ್ಕ ಕೈಗನ್ನಡಿಯೊಂದನ್ನು ಹತ್ತಿರ ಇಟ್ಟುಕೊಂಡು, ಆಗಾಗ ಎತ್ತಿ ಹಿಡಿದು ಹಿಂದಿನ ರಸ್ತೆಯನ್ನು ನೋಡಿರಿ ಎಂಬ ಸಲಹೆ ಅದರಲ್ಲಿದೆ. ಎರಡು ವರ್ಷಗಳ ತರುವಾಯ, 1911ರ ಮೇ 30ರಂದು, ಅಮೇರಿಕೆಯ ಇಂಡಿಯಾನಾಪೊಲಿಸಿನಲ್ಲಿ 500 ಮೈಲುಗಳ ದೊಡ್ಡ ಓಟದ ಪಂದ್ಯ ನಡೆಯಿತು. ಉಳಿದ ಕಾರುಗಳಲ್ಲಿ ಚಾಲಕನ ಪಕ್ಕಕ್ಕೆ ಒಬ್ಬ ಮಿಸ್ತ್ರಿ ಕುಳಿತು, ಹಿಂದೆ ಯಾರು ಬರುತ್ತಿದ್ದಾರೆಂದು ಹೇಳುತ್ತಿದ್ದನು. ರೇ ಹ್ಯಾರನ್ ಎಂಬುವನು ಒಬ್ಬನೇ ಕುಳಿತು, ಎದುರಿಗೆ ಒಂದು ಕನ್ನಡಿ ಕಟ್ಟಿಕೊಂಡು ಓಡಿಸಿದನು, ಗೆದ್ದನು ಕೂಡ. ಕುದುರೆಗಾಡಿಯೊಂದಕ್ಕೆ ಇಂಥ ಕನ್ನಡಿ ಕಟ್ಟಿದ್ದನ್ನು ಅವನು ಮೊದಲೇ ನೋಡಿದ್ದನಂತೆ. ಆದರೆ ಇಟ್ಟಂಗಿ ಹಾಸಿದ ಆ ದಾರಿಯಲ್ಲಿ ಕನ್ನಡಿ ಗಡಗಡ ನಡುಗಿ ಅದರಲ್ಲಿ ಏನೂ ಸರಿಯಾಗಿ ಕಾಣಲಿಲ್ಲವೆಂದು ಅವನೇ ಮುಂದೆ ಹೇಳಿದನೆನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿರಿ. ಗಟ್ಟಿಯಾಗಿ ಕೂಡದ ಕನ್ನಡಿ ಇದ್ದೂ ಇಲ್ಲದಂತೆ.

ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿನ್ನೋಟದ ಕನ್ನಡಿ ಇರಲೇಬೇಕಾದ ಸಾಧನ. ಅಂದಕ್ಕಾಗಿ ಇಟ್ಟ ಒಡವೆ ಅದಲ್ಲ.

ಒಳಗಿನದು ಬೇರೆ, ಹೊರಗಿನದು ಬೇರೆ

ಕಾರಿನ ಒಳಗೆ, ಚಾಲಕನ ತಲೆಯ ಹತ್ತಿರ ಇರುವುದು ಸಾಮಾನ್ಯವಾಗಿ ಸಮತಲ ಕನ್ನಡಿ. ಅದರಲ್ಲಿ ಹಿಂದಿನ ಗಾಡಿ ಇದ್ದಷ್ಟೇ ದೂರದಲ್ಲಿ ಕಾಣುತ್ತದೆ, ಎಡ ಬಲ ಮಾತ್ರ ಅದಲು ಬದಲಾಗುತ್ತದೆ. ಮೀರಜ ಊರು ಆಸ್ಪತ್ರೆಗಳಿಗೆ ಹೆಸರಾದುದು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಇಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ರೋಗಿಗಳು ಇಲ್ಲಿಗೆ ಬರುತ್ತಲೇ ಇದ್ದಾರೆ. ಅವರನ್ನು ತರುವ ಆಂಬುಲೆನ್ಸಿನ ಮುಂಭಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಹಿಂದು ಮುಂದಾಗಿ ಬರೆದಿರುವುದನ್ನು ನೀವು ನೋಡಿರಬಹುದು. ಮುಂದೆ ಹೋಗುವ ಚಾಲಕನ ಕನ್ನಡಿಯಲ್ಲಿ ಅದು ನೆಟ್ಟಗೆ ಓದಿಸಿಕೊಳ್ಳಲಿ, ಅವನು ಕೂಡಲೆ ದಾರಿ ಬಿಡಲಿ ಎಂಬುದೇ ಅದರ ಉದ್ದೇಶ. ಕನ್ನಡಿಯೇ ಇಲ್ಲದ ಗಾಡಿಯ ಮುಂದೆ ಈ ಜಾಣತನವೆಲ್ಲ ವ್ಯರ್ಥ.

ಒಳಗನ್ನಡಿಯ ಕೆಳಗೆ ಬಹಳ ಕಾರುಗಳಲ್ಲಿ ಒಂದು ಚಿಕ್ಕ ಕಡ್ಡಿ ಇರುತ್ತದೆ. ರಾತ್ರಿ ಹಿಂದಿನ ಗಾಡಿಯ ದೀಪ ಕಣ್ಣು ಕುಕ್ಕಿದಾಗ ಅದನ್ನು ಎಳೆದರೆ ಬೆಳಕು ಮಂದವಾಗುತ್ತದೆ. ಇದರ ಗುಟ್ಟು ಸರಳ. ಆ ಕನ್ನಡಿಯ ಗಾಜು ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ತೆಳು. ಹಗಲಿನಲ್ಲಿ ಬೆನ್ನಿನ ಲೇಪದಿಂದ ಬಂದ ಬೆಳಕು ಕಣ್ಣಿಗೆ ಬೀಳುತ್ತದೆ. ಕಡ್ಡಿ ಎಳೆದಾಗ ಆ ಬೆಳಕು ಛಾವಣಿಯ ಕಡೆಗೆ ಹೋಗಿ, ಗಾಜಿನ ಮುಂಮೈಯಿಂದ ಹೊರಳಿದ ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ. ಗಾಜಿನ ಮೈ ನೂರರಲ್ಲಿ ಸುಮಾರು ನಾಲ್ಕು ಪಾಲು ಬೆಳಕನ್ನಷ್ಟೇ ಹೊರಳಿಸುವುದರಿಂದ ಕಣ್ಣಿಗೆ ತಂಪಾಗುತ್ತದೆ.

ಹೊರಗೆ ಬದಿಗಿರುವ ಕನ್ನಡಿ ಹೆಚ್ಚಾಗಿ ಉಬ್ಬುಗನ್ನಡಿ. ಇದು ಹೆಚ್ಚು ವಿಸ್ತಾರವನ್ನು ತೋರಿಸುತ್ತದೆ. ಆದರೆ ವಸ್ತುಗಳನ್ನು ಚಿಕ್ಕದಾಗಿ ತೋರಿಸುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮನಸ್ಸು ದೂರದ್ದೆಂದು ತಿಳಿಯುತ್ತದೆ. ಒಂದು ಲೆಕ್ಕ ಮಾಡೋಣ. ಕನ್ನಡಿಯ ವಕ್ರತೆಯ ತ್ರಿಜ್ಯ 1.2 ಮೀಟರು, ಅಂದರೆ ಸಂಗಮ ದೂರ 0.6 ಮೀಟರು ಎಂದು ಇಟ್ಟುಕೊಳ್ಳಿರಿ. ಕನ್ನಡಿಯಿಂದ 20 ಮೀಟರು ಹಿಂದೆ 1.5 ಮೀಟರು ಎತ್ತರದ ಕಾರು ಬರುತ್ತಿದೆ. ಸೂತ್ರದಂತೆ ಅದರ ಬಿಂಬ ಕನ್ನಡಿಯ ಹಿಂದೆ ಸುಮಾರು 0.58 ಮೀಟರಿನಲ್ಲಿ ಮೂಡುತ್ತದೆ, ಎತ್ತರ ಸುಮಾರು 4.4 ಸೆಂಟಿಮೀಟರು. ಚಾಲಕನ ಕಣ್ಣು ಕನ್ನಡಿಯಿಂದ 1 ಮೀಟರು ದೂರದಲ್ಲಿದ್ದರೆ, ಈ ಪುಟ್ಟ ಬಿಂಬ 54 ಮೀಟರು ದೂರದ ಕಾರು ಕಂಡಷ್ಟು ಚಿಕ್ಕದಾಗಿ ಕಾಣುತ್ತದೆ! ನೀವು ಗಂಟೆಗೆ 30 ಕಿಲೋಮೀಟರು, ಅವನು 60 ಕಿಲೋಮೀಟರು ವೇಗದಲ್ಲಿ ಇದ್ದರೆ, ಅವನು ನಿಮ್ಮನ್ನು ಮುಟ್ಟಲು ಆರು ಸೆಕೆಂಡಿಗಿಂತ ಹೆಚ್ಚು ಬೇಕೆಂದು ಕನ್ನಡಿ ಹೇಳಿದಂತಾಗುತ್ತದೆ. ನಿಜವಾಗಿ ಇರುವುದು 2.4 ಸೆಕೆಂಡು. ‘ಕನ್ನಡಿಯೊಳಗಿನ ಗಂಟು’ ಎಂದು ನಮ್ಮ ಹಿರಿಯರು ಕೈಗೆ ಸಿಗದ ಆಸೆಗೆ ಹೇಳುತ್ತಾರೆ. ಉಬ್ಬುಗನ್ನಡಿಯೊಳಗಿನ ಗಾಡಿ ಅದಕ್ಕೆ ವಿರುದ್ಧ. ಅದು ನಾವು ಎಣಿಸಿದ್ದಕ್ಕಿಂತ ಬೇಗ ಬಂದು ತಾಗುತ್ತದೆ.

ಇದರಿಂದ ಜೋಡಿಸುವವನು ಕಲಿಯಬೇಕಾದ ಪಾಠವಿದೆ. ಬದಿಯ ಕನ್ನಡಿ ಒಡೆದಾಗ ಅಂಗಡಿಯಲ್ಲಿ ಸಾದಾ ಕನ್ನಡಿಯ ತುಂಡು ಕತ್ತರಿಸಿ ಅಂಟಿಸಿಕೊಳ್ಳುವವರುಂಟು. ಆಗ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಆಗುತ್ತದೆ. ಕಾಣುವ ವಿಸ್ತಾರವೂ ಕುಗ್ಗುತ್ತದೆ. ಆದ್ದರಿಂದ ಉಬ್ಬುಗನ್ನಡಿ ಇದ್ದಲ್ಲಿ ಅದೇ ಮಾದರಿಯ ಉಬ್ಬುಗನ್ನಡಿಯನ್ನೇ ಹಾಕಬೇಕು.

ಒಳಗನ್ನಡಿಯನ್ನು ಬಿಚ್ಚಿ ಜೋಡಿಸುವ ಕ್ರಮ

ಒಳಗನ್ನಡಿಯನ್ನು ಕೂಡಿಸುವ ರೀತಿ ಮುಖ್ಯವಾಗಿ ಎರಡು. ಕೆಲವು ಕಾರುಗಳಲ್ಲಿ ಅದು ಛಾವಣಿಯ ಮುಂದಂಚಿಗೆ ಸ್ಕ್ರೂಗಳಿಂದ ಕೂಡಿರುತ್ತದೆ. ಇಲ್ಲಿ ಕೆಲಸ ಸುಲಭ: ಸ್ಕ್ರೂ ಸಡಿಲಿಸಿದರೆ ಬಂದಿತು, ಬಿಗಿದರೆ ಕೂಡಿತು. ಇನ್ನು ಕೆಲವು ಕಾರುಗಳಲ್ಲಿ ಮುಂದಿನ ದೊಡ್ಡ ಗಾಜಿಗೆ ಚಿಕ್ಕ ಲೋಹದ ಬಿಲ್ಲೆಯೊಂದನ್ನು ಅಂಟಿಸಿ, ಕನ್ನಡಿಯ ಕೈಯನ್ನು ಆ ಬಿಲ್ಲೆಗೆ ಸಿಕ್ಕಿಸಿರುತ್ತಾರೆ. ಬೇಸಿಗೆಯಲ್ಲಿ ಕಳಚಿ ಬೀಳುವುದು ಬಹುತೇಕ ಈ ಜಾತಿಯದು.

ಅದು ಏಕೆ ಬೀಳುತ್ತದೆ? ಕಾಯ್ದಾಗ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಗಾಜು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಹಿಗ್ಗಿದರೆ ಉಕ್ಕು 12 ಪಾಲು, ಅಲ್ಯುಮಿನಿಯಂ 23 ಪಾಲು ಹಿಗ್ಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಗಾಜು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿತೆನ್ನಿ. 2 ಸೆಂಟಿಮೀಟರಿನ ಅಲ್ಯುಮಿನಿಯಂ ಬಿಲ್ಲೆಗೂ ಅದರ ಕೆಳಗಿನ ಗಾಜಿಗೂ ಸುಮಾರು 0.011 ಮಿಲಿಮೀಟರು ವ್ಯತ್ಯಾಸ ಬರುತ್ತದೆ. ಕೂದಲಿನ ದಪ್ಪಕ್ಕಿಂತ ಇದು ಬಹಳ ಕಡಿಮೆ. ಆದರೆ ಪ್ರತಿದಿನ ಹಗಲು ಕಾಯ್ದು ರಾತ್ರಿ ಆರಿ, ನಡುವಿನ ಅಂಟು ಒಮ್ಮೆ ಅತ್ತ ಒಮ್ಮೆ ಇತ್ತ ಎಳೆಸಿಕೊಳ್ಳುತ್ತದೆ. ಬಾಗುವ ಗುಣವಿಲ್ಲದ ಅಂಟು ಕೊನೆಗೆ ಬಿರಿಯುತ್ತದೆ. ಮನೆಯಲ್ಲಿ ಚಪ್ಪಲಿಗೆ ಹಚ್ಚುವ, ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿ ಬಾಳಿಕೆ ಬರದಿರಲು ಇದೇ ಕಾರಣ. ಇದಕ್ಕೆಂದೇ ತಯಾರಿಸಿದ ಅಂಟು ಮೋಟಾರು ಸಾಮಾನಿನ ಅಂಗಡಿಗಳಲ್ಲಿ ದೊರೆಯುತ್ತದೆ.

ಈಗ ಕ್ರಮವನ್ನು ನೋಡೋಣ. ಈ ಕೆಲಸವನ್ನು ದೊಡ್ಡವರು ಮಾಡಬೇಕು, ನೀವು ಜೊತೆಗಿದ್ದು ನೋಡಿ ಕಲಿಯಬೇಕು.

ಒಂದು: ಮುಟ್ಟುವ ಮೊದಲು ನೋಡಿರಿ. ಕನ್ನಡಿಯ ಹಿಂದೆ ತಂತಿ ಅಥವಾ ಕ್ಯಾಮರಾ ಇದೆಯೇ? ಇತ್ತೀಚಿನ ಕಾರುಗಳಲ್ಲಿ ಮಳೆ ಗುರುತಿಸುವ ಸಾಧನ, ಮುಂದಿನ ದಾರಿ ನೋಡುವ ಕ್ಯಾಮರಾ ಅಲ್ಲಿರಬಹುದು. ಅಂಥದಕ್ಕೆ ಮನೆಯಲ್ಲಿ ಕೈ ಹಚ್ಚದೆ ತಿಳಿದ ಮಿಸ್ತ್ರಿಯ ಬಳಿಗೆ ಹೋಗುವುದೇ ಲೇಸು. ಸಾದಾ ಕನ್ನಡಿಯಾದರೆ ಅದು ಕೂಡಿರುವ ರೀತಿಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ.

ಎರಡು: ಕೈಯ ಬುಡದಲ್ಲಿ ಚಿಕ್ಕ ಸ್ಕ್ರೂ ಇದ್ದರೆ ತಕ್ಕ ಅಳತೆಯ ಪಾನಾದಿಂದ ಸಡಿಲಿಸಿರಿ. ಸಾಮಾನ್ಯವಾಗಿ ಕೈಯನ್ನು ಬಿಲ್ಲೆಯ ಗುಂಟ ಮೇಲಕ್ಕೆ ಸರಿಸಿದರೆ ಬರುತ್ತದೆ. ಕೆಲವು ಕಾರುಗಳಲ್ಲಿ ತಿರುಗಿಸಿ ತೆಗೆಯಬೇಕು. ಕಾರಿನ ಕೈಪಿಡಿಯನ್ನು ಓದಿ ತಿಳಿಯಿರಿ. ನಿಮ್ಮ ಕಡೆಗೆ ಜಗ್ಗಬೇಡಿರಿ. ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರವಿಟ್ಟು ಮಾಡಿದ್ದು. ಜಗ್ಗಿದರೆ ಒಳಗಿನ ಹಾಳೆ ಬಿರುಕು ಬಿಟ್ಟೀತು. ನೂರು ರೂಪಾಯಿಯ ಕೆಲಸಕ್ಕೆ ಸಾವಿರಾರು ರೂಪಾಯಿ ದಂಡವಾದೀತು.

ಮೂರು: ಬಿಲ್ಲೆ ಇದ್ದ ಜಾಗವನ್ನು ಗಾಜಿನ ಹೊರಮೈ ಮೇಲೆ ಬಣ್ಣದ ಮೇಣದ ಕಡ್ಡಿಯಿಂದ ಗುರುತು ಮಾಡಿರಿ. ಒಳಗೆ ಗುರುತು ಮಾಡಿದರೆ ಒರೆಸುವಾಗ ಅಳಿಸಿ ಹೋಗುತ್ತದೆ. ಬಿಲ್ಲೆಯ ಯಾವ ಮಗ್ಗುಲು ಮೇಲಿತ್ತು, ಯಾವ ಮೈ ಗಾಜಿಗಿತ್ತು ಎಂಬುದನ್ನೂ ಗುರುತಿಸಿರಿ. ತಲೆಕೆಳಗಾಗಿ ಅಂಟಿಸಿದರೆ ಕನ್ನಡಿ ಅದರಲ್ಲಿ ಕೂಡುವುದೇ ಇಲ್ಲ.

ನಾಲ್ಕು: ಗಾಜಿನ ಮೇಲಿನ ಹಳೆಯ ಅಂಟನ್ನು ಬ್ಲೇಡು ಮಲಗಿಸಿ ಹಿಡಿದು ಕೆರೆಯಬೇಕು. ಬಿಲ್ಲೆಯನ್ನು ನುಣುಪು ಪಾಲಿಶ್ ಕಾಗದದಿಂದ ಉಜ್ಜಬೇಕು. ಎರಡನ್ನೂ ಸ್ಪಿರಿಟ್ ಹಾಕಿದ ಸ್ವಚ್ಛ ಅರಿವೆಯಿಂದ ಒರೆಸಿ ಒಣಗಲು ಬಿಡಬೇಕು. ಆ ಮೇಲೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಕಣ್ಣಿಗೆ ಕಾಣದಿದ್ದರೂ ಅಂಟನ್ನು ಗಾಜಿಗೆ ತಾಗಗೊಡುವುದಿಲ್ಲ. ಸೀಮೆಎಣ್ಣೆಯಿಂದ ಒರೆಸುವುದೂ ತಪ್ಪು, ಅದರ ಜಿಡ್ಡು ಉಳಿಯುತ್ತದೆ.

ಐದು: ಅಂಟಿನ ಪೊಟ್ಟಣದ ಮೇಲಿನ ಸೂಚನೆಯನ್ನು ಓದಿ, ಮೊದಲು ಅದರೊಂದಿಗೆ ಬರುವ ದ್ರವವನ್ನು ಹಚ್ಚಿ ಒಣಗಿಸಿರಿ. ನಂತರ ಬಿಲ್ಲೆಗೆ ಒಂದೇ ಹನಿ ಅಂಟು. ಹೆಚ್ಚು ಹಚ್ಚಿದರೆ ಹೆಚ್ಚು ಗಟ್ಟಿ ಎಂಬುದು ಭ್ರಮೆ. ಈ ಜಾತಿಯ ಅಂಟು ಎರಡು ಮೈಗಳ ನಡುವೆ, ಗಾಳಿಯಾಡದ ತೆಳು ಪದರದಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ಹೊರಗೆ ಸುರಿದದ್ದು ಹಸಿಯಾಗಿಯೇ ಉಳಿಯುತ್ತದೆ. ಬಿಲ್ಲೆಯನ್ನು ಗುರುತಿನ ಮೇಲೆ ಇಟ್ಟು ಒಂದು ನಿಮಿಷ ಅಲುಗಿಸದೆ ಒತ್ತಿ ಹಿಡಿಯಿರಿ. ಸುಡುಬಿಸಿಲಿನಲ್ಲಿ ಈ ಕೆಲಸ ಬೇಡ, ಗಾಜು ತೀರ ತಣ್ಣಗಿರುವ ಚಳಿಯ ಮುಂಜಾನೆಯೂ ಬೇಡ.

ಆರು: ಕಾಯಿರಿ. ಬಹಳ ಜನ ತಪ್ಪುವುದು ಇಲ್ಲಿಯೇ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು, ಮರುದಿನ ಕನ್ನಡಿ ಸಿಕ್ಕಿಸಿರಿ. ನಮ್ಮ ಮೀರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅಲ್ಲಿಯ ಕುಶಲಿಗಳು ಬುರುಡೆಗೆ ಮರವನ್ನು ಕೂಡಿಸುವಾಗ ಎರಡೂ ಮೈ ಸರಿಯಾಗಿ ಹೊಂದುವಂತೆ ಮಾಡಿ, ಅಂಟು ಪೂರ್ಣ ಒಣಗುವ ತನಕ ತಾಳುತ್ತಾರೆ. ಅವಸರ ಮಾಡಿದ ಬೆಸುಗೆ ತಂತಿ ಬಿಗಿದ ಕೂಡಲೆ ಬಿಡುತ್ತದೆ. ಗಾಜಿನ ಅಂಟಿಗೂ ಅದೇ ನ್ಯಾಯ.

ಏಳು: ಸ್ಕ್ರೂವನ್ನು ಕನ್ನಡಿ ಅಲುಗದಷ್ಟು ಮಾತ್ರ ಬಿಗಿಯಿರಿ. ಶಕ್ತಿ ತೋರಿಸಿದರೆ ಬಿಲ್ಲೆಯೋ ಗಾಜೋ ಒಡೆಯುತ್ತದೆ.

ಹೊರಗಿನ ಕನ್ನಡಿ

ಟ್ರಕ್ಕು, ಟ್ರ್ಯಾಕ್ಟರು, ಜೀಪುಗಳಲ್ಲಿ ಹೊರಗನ್ನಡಿ ಕಬ್ಬಿಣದ ತೋಳಿಗೆ ನಟ್ಟು ಬೋಲ್ಟುಗಳಿಂದ ಕೂಡಿರುತ್ತದೆ. ಬಿಚ್ಚುವಾಗ ನಟ್ಟು, ವಾಶರುಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿರಿ, ಕೂಡಿಸುವಾಗ ಕೊನೆಯಿಂದ ಮೊದಲಿಗೆ ಬನ್ನಿರಿ. ಮೋಟಾರ್ ಸೈಕಲ್ಲುಗಳಲ್ಲಿ ಒಂದು ವಿಶೇಷ ಉಂಟು: ಕೆಲವು ಗಾಡಿಗಳ ಬಲಗನ್ನಡಿಯ ತಿರುಪು ಎಡಸುತ್ತಿನದು. ಅದನ್ನು ತಿಳಿಯದೆ ವಾಡಿಕೆಯಂತೆ ತಿರುಗಿಸಿದರೆ ಸಡಿಲವಾಗುವ ಬದಲು ಬಿಗಿಯಾಗುತ್ತ ಹೋಗುತ್ತದೆ. ತಿರುಗದಿದ್ದರೆ ಬಲ ಹಾಕುವ ಮೊದಲು ತಲೆ ಓಡಿಸಬೇಕು.

ಕಾರುಗಳ ಹೊರಗನ್ನಡಿಯಲ್ಲಿ ಗಾಜಿನ ತಟ್ಟೆ ಹಿಂದಿನ ಪ್ಲಾಸ್ಟಿಕ್ ಕೊಂಡಿಗಳಿಗೆ ಸಿಕ್ಕಿರುತ್ತದೆ. ಒಡೆದ ಗಾಜಾದರೆ ಮೊದಲು ಅದರ ಮೇಲೆ ಅಂಟುಪಟ್ಟಿ ಹಚ್ಚಿ, ಕೈಗವಸು ಹಾಕಿ, ಒಂದು ಬದಿ ಒಳಕ್ಕೆ ಒತ್ತಿ ಇನ್ನೊಂದು ಬದಿಯನ್ನು ಮೆಲ್ಲಗೆ ಎಬ್ಬಿಸಬೇಕು. ಹಿಂದೆ ತಂತಿ ಇದ್ದರೆ ಕಳಚಿ ಇಟ್ಟುಕೊಳ್ಳಬೇಕು. ಹೊಸದನ್ನು ನಡುವೆ ಸಮನಾಗಿ ಒತ್ತಿದರೆ ‘ಟಕ್’ ಎಂದು ಕೂಡುತ್ತದೆ.

ಜೋಡಿಸಿದ ಮೇಲೆ

ಕನ್ನಡಿ ಕೂಡಿತು ಎಂದರೆ ಕೆಲಸ ಮುಗಿಯಿತೇ? ಇಲ್ಲ. ಚಾಲಕನು ತನ್ನ ಜಾಗದಲ್ಲಿ ನೆಟ್ಟಗೆ ಕುಳಿತು ಅದನ್ನು ಹೊಂದಿಸಬೇಕು. ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹೊರಗನ್ನಡಿಯಲ್ಲಿ ತನ್ನ ಗಾಡಿಯ ಅಂಚು ಸ್ವಲ್ಪವೇ ಕಂಡು ಉಳಿದುದೆಲ್ಲ ರಸ್ತೆ ಕಾಣಬೇಕು. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂದು ಕಲಿತಿದ್ದೀರಷ್ಟೆ. ಅದರಿಂದ ಹೊರಡುವ ಒಂದು ಮಾತು: ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಹೊರಳಿದ ಕಿರಣ ಎರಡು ಡಿಗ್ರಿ ತಿರುಗುತ್ತದೆ. 50 ಮೀಟರು ಹಿಂದೆ ಎರಡು ಡಿಗ್ರಿ ಎಂದರೆ ಸುಮಾರು 1.75 ಮೀಟರು, ಅಂದರೆ ಒಬ್ಬ ಎತ್ತರದ ಆಳಿನಷ್ಟು. ಸಡಿಲವಾದ ಕನ್ನಡಿ ಒಂದು ಡಿಗ್ರಿ ನಡುಗಿದರೂ ಹಿಂದೆ ಬರುವ ಸೈಕಲ್ಲಿನವನು ನೋಟದಿಂದ ತಪ್ಪಿ ಹೋಗಬಹುದು. ಹ್ಯಾರನ್ನನ ಕಷ್ಟ ಈಗ ತಿಳಿಯಿತೇ?

ಎಷ್ಟೇ ಹೊಂದಿಸಿದರೂ ಯಾವ ಕನ್ನಡಿಯಲ್ಲಿಯೂ ಕಾಣದ ಜಾಗಗಳು ಗಾಡಿಯ ಎರಡೂ ಬದಿಗೆ ಉಳಿಯುತ್ತವೆ. ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರನ್ನು ನೆನೆಯಿರಿ. ಹಿಂದೆ ಎರಡು ಟ್ರೇಲರು, ಎರಡೂ ಬದಿಗೆ ಚಾಚಿದ ಕಬ್ಬು. ಕನ್ನಡಿಯಲ್ಲಿ ಕಬ್ಬಿನ ಹೊರತು ಚಾಲಕನಿಗೆ ಏನೂ ಕಾಣದು. ಅದರ ಮಗ್ಗುಲಿಗೆ ಸೈಕಲ್ಲು ಹೊಡೆಯುವ ಹುಡುಗನು, ತಾನು ಟ್ರ್ಯಾಕ್ಟರನ್ನು ಕಂಡೆನಾದ್ದರಿಂದ ಚಾಲಕನೂ ತನ್ನನ್ನು ಕಂಡಿದ್ದಾನೆಂದು ತಿಳಿಯುತ್ತಾನೆ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ: ಗಾಡಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ಆ ಕನ್ನಡಿಯಲ್ಲಿ ನೀವು ಅವನಿಗೆ ಕಾಣುವುದಿಲ್ಲ. ಬೆಳಕು ಹೋದ ದಾರಿಯಲ್ಲಿಯೇ ತಿರುಗಿ ಬರುತ್ತದೆ. ಮುಖ ಕಾಣುವಷ್ಟು ಹಿಂದಕ್ಕೆ ಸರಿದು ನಿಲ್ಲಿರಿ.

ಕೈಕೆಲಸವೂ ವಿದ್ಯೆಯೇ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಅಲ್ಲಿಂದ ಕಬ್ಬಿಣದ ನೇಗಿಲಿನ ತಯಾರಿಕೆಗೆ ಬಂದರು. 1910ರಲ್ಲಿ ಅವರು ಕಟ್ಟಿದ ಕಿರ್ಲೋಸ್ಕರವಾಡಿ ಇಂದು ನಮ್ಮ ಸಾಂಗ್ಲಿ ಜಿಲ್ಲೆಯಲ್ಲಿಯೇ ಇದೆ. ಬಿಚ್ಚಿ ನೋಡುವ ಕುತೂಹಲಕ್ಕೂ ತಿರುಗಿ ಸರಿಯಾಗಿ ಕೂಡಿಸುವ ತಾಳ್ಮೆಗೂ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಚ್ಚುವುದು ಎಲ್ಲ ಮಕ್ಕಳಿಗೂ ಬರುತ್ತದೆ. ಕೂಡಿಸುವುದನ್ನು ಕಲಿಯಬೇಕು.

ಅಭ್ಯಾಸ

1. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಎಚ್, ಎಂ ಮುಂತಾದವು ಕನ್ನಡಿಯಲ್ಲಿ ಬದಲಾಗುವುದಿಲ್ಲ. ಉಳಿದವನ್ನು ಹುಡುಕಿರಿ. ಕನ್ನಡದ ಸೊನ್ನೆ ಬದಲಾಗುವುದೇ? ನಿಮ್ಮ ಹೆಸರನ್ನು ಕನ್ನಡಿಯಲ್ಲಿ ನೆಟ್ಟಗೆ ಕಾಣುವಂತೆ ಬರೆಯಿರಿ.

2. ಹೊಳೆಯುವ ದೊಡ್ಡ ಚಮಚದ ಎರಡೂ ಮೈಗಳಲ್ಲಿ ಮುಖ ನೋಡಿಕೊಳ್ಳಿರಿ. ಯಾವ ಮೈ ಹೊರಗನ್ನಡಿಯನ್ನು ಹೋಲುತ್ತದೆ? ಏಕೆ?

3. ಮೇಲಿನ ಲೆಕ್ಕವನ್ನು ಕಾರು 10 ಮೀಟರು ಹಿಂದೆ ಇರುವಾಗ ಮಾಡಿರಿ.

4. ಪಾಲಕರಿಗೆ ವಿನಂತಿ: ರವಿವಾರ ನಿಮ್ಮ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಕೀಲಿ ತೆಗೆದುಕೊಂಡು, ಮಗುವನ್ನು ನಿಮ್ಮ ಜಾಗದಲ್ಲಿ ಕೂಡಿಸಿರಿ. ನೀವು ಗಾಡಿಯ ಸುತ್ತಲೂ ನಿಧಾನವಾಗಿ ನಡೆಯಿರಿ. ನೀವು ಎಲ್ಲಿ ಕನ್ನಡಿಯಿಂದ ಮಾಯವಾದಿರೆಂದು ಮಗು ಕೂಗಿ ಹೇಳಲಿ. ಆ ಜಾಗಗಳಿಗೆ ಸುಣ್ಣದಿಂದ ಗೆರೆ ಎಳೆಯಿರಿ. ಆ ಗೆರೆಯೊಳಗೆ ಎಂದೂ ನಿಲ್ಲಬಾರದೆಂಬುದನ್ನು ಮಗು ತಾನೇ ನೋಡಿ ತಿಳಿಯುತ್ತದೆ, ಹೊರಡುವ ಮುನ್ನ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಇಳಿದು ನೋಡಬೇಕೆಂಬುದನ್ನು ನೀವು ತಿಳಿಯುತ್ತೀರಿ.